ಕಥೆ ಬೆಳೆಯಲು ಕೋಟಿ ಬೇಕಿಲ್ಲ

ಸಣ್ಣ ತಂಡದ ವಿಡಿಯೊ ಗೇಮಿನ ಕಥೆ ಬೇರೆ ಮಾಧ್ಯಮಕ್ಕೆ ಹೋಗಲು ಸಿನಿಮಾದಷ್ಟು ಬಂಡವಾಳ ಬೇಕೆಂದು ಲೇಖಕರೊಬ್ಬರು ಬರೆದಿದ್ದಾರೆ. ಶುದ್ಧ ತಪ್ಪು. ಅವರು ಅಫಜಲಪುರ ತಾಲ್ಲೂಕಿನ ಗಾಣಗಾಪುರ ನೋಡಲಿ. ದತ್ತ ಪರಂಪರೆಯ ಗುರು ನೃಸಿಂಹ ಸರಸ್ವತಿಯವರ ಚರಿತ್ರೆ ಅಲ್ಲಿ ಪಾರಾಯಣವೂ ಹೌದು, ಭಜನೆಯೂ ಹೌದು, ಬೀದಿಗಿಳಿಯುವ ಪಲ್ಲಕ್ಕಿಯೂ ಹೌದು. ಅದನ್ನು ಹೇಳುವ ಮರಾಠಿಯ ‘ಗುರುಚರಿತ್ರೆ’ ಕನ್ನಡಕ್ಕೂ ಬಂತು. ಹಾಗೆಯೇ ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದ ಏಕತಾರಿ, ದಮ್ಮಡಿಯ ಬಲದಲ್ಲೇ ಊರೂರು ದಾಟಿತು. ಮುಖ್ಯವಾದದ್ದು ಇದು: ಚೆನ್ನೂರ ಜಲಾಲಸಾಬರಂಥ ಶಿಷ್ಯರು ತಾವೂ ಪದ ಕಟ್ಟಿದರು, ಗುರುವಿನ ಲೋಕ ಹಿಗ್ಗಿತು. ಹಣವಲ್ಲ, ಹಾಡುವವರಿಗೆ ಕೊಟ್ಟ ಸಲುಗೆ ಅದನ್ನು ಬೆಳೆಸಿತು. ಗೇಮ್ ಕಟ್ಟುವ ಆಳಂದದ ಹುಡುಗರೇ, ನಿಮ್ಮ ಗೇಮಿನ ಒಂದು ಪಾತ್ರವನ್ನು ಮೊಬೈಲಿನಲ್ಲಿ ಧ್ವನಿನಾಟಕ ಮಾಡಿ, ಇನ್ನೊಂದನ್ನು ಊರಿನ ಸಣ್ಣಾಟದ ಮೇಳಕ್ಕೆ ಕೊಡಿ. ನಿರ್ಮಾಪಕನಿಗಾಗಿ ಕಾಯಬೇಡಿ.