ಪಠ್ಯಕ್ರಮ ಬರಿಯೋರಿಗೆ ಕಬ್ಬಿನ ಒಂದು ಲೆಕ್ಕ

ಇವತ್ತು ಬೆಳಿ ಬಗ್ಗೆ ಅಲ್ಲ, ಸಾಲಿ ಬಗ್ಗೆ ಬರೀತೀನಿ.

2025ರ ನವೆಂಬರದಾಗ ನಮ್ಮ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಾಗ ಟನ್ನಿಗೆ 3,500 ರೂಪಾಯಿ ಕೊಡ್ರಿ ಅಂತ ಕಬ್ಬಿನ ರೈತರು ಕುಂತಿದ್ದು ನಿಮಗೆಲ್ಲ ಗೊತ್ತೈತಿ. ಆಗ ನಮ್ಮ ಓಣಿಯ ಒಂಬತ್ತನೇ ಇಯತ್ತೆ ಹುಡುಗಿಗೆ ಒಂದು ಲೆಕ್ಕ ಕೊಟ್ಟೆ. 2025-26ರ ಹಂಗಾಮಿನ ಎಫ್‌ಆರ್‌ಪಿ 10.25 ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ ಇತ್ತು. ಅದರ ಮ್ಯಾಲ ಪ್ರತಿ 0.1ಕ್ಕ 3.46 ರೂಪಾಯಿ ಹೆಚ್ಚು. 11.25 ಬಂದ್ರ ಟನ್ನಿಗೆ ಎಷ್ಟಾತು?

ಗಣಿತದಾಗ ತೊಂಬತ್ತರ ಮ್ಯಾಲ ತಗೊಳ್ಳೋ ಹುಡುಗಿ. "ಕಾಕಾ, ಇಂಥಾದ್ದು ಪುಸ್ತಕದಾಗ ಇಲ್ರಿ" ಅಂದ್ಲು. ಅಕಿದೂ ತಪ್ಪಲ್ಲ, ಮಾಸ್ತರದೂ ತಪ್ಪಲ್ಲ. ಅಂಗಡಿ ರಿಯಾಯಿತಿ, ಚಕ್ರಬಡ್ಡಿ ಎಲ್ಲಾ ಅಕಿಗೆ ಬರ್ತೈತಿ. ಅಪ್ಪನ ಬಿಲ್ಲು ಮಾತ್ರ ಬರೂದಿಲ್ಲ.

ಪಠ್ಯಕ್ರಮ ಹೆಂಗ ಕಟ್ಟಬೇಕು ಅಂತ ಅಮೆರಿಕದ ರಾಲ್ಫ್ ಟೈಲರ್ 1949ರಲ್ಲೇ ಬರೆದರು. ಮೊದಲು ಉದ್ದೇಶ, ಆಮೇಲೆ ಕಲಿಕೆಯ ಅನುಭವ, ಅದರ ಜೋಡಣೆ, ಕೊನೆಗೆ ಮೌಲ್ಯಮಾಪನ. ಮಗುವನ್ನೂ ಹೊರಗಿನ ಬದುಕನ್ನೂ ನೋಡಿ ಉದ್ದೇಶ ಇಡ್ರಿ ಅಂತಾನೂ ಹೇಳಿದ್ರು. ನಮ್ಮ ದೇಶದ 2005ರ ಪಠ್ಯಕ್ರಮ ಚೌಕಟ್ಟು ಸಹ ಕಲಿಕೆಯನ್ನು ಸಾಲಿ ಹೊರಗಿನ ಬದುಕಿಗೆ ಜೋಡಿಸ್ರಿ ಅಂತೈತಿ. ಕಾಗದದಾಗ ಎಲ್ಲಾ ಚೊಲೋ ಐತಿ. ಆದ್ರ ಯಾರ ಬದುಕು ನೋಡಿ ಉದ್ದೇಶ ಇಟ್ರು? ಜ್ಞಾನ ದಿಲ್ಲಿ-ಬೆಂಗಳೂರಾಗ ಹುಟ್ಟತೈತಿ, ಹಳ್ಳಿ ಬರೇ ಇಸಗೋಬೇಕು, ಕಲಿತವ ಊರು ಬಿಡಬೇಕು. ಯಾರೂ ಬರೆದಿಡದ ನಂಬಿಕಿ ಇದು.

2022ರಾಗ ಪಠ್ಯಪುಸ್ತಕ ಪರಿಷ್ಕರಣೆಗೆ ದೊಡ್ಡ ಜಗಳ ಆತು, 2023ರಾಗ ಸರಕಾರ ಬದಲಾಗಿ ಪಾಠಾನೂ ಬದಲಾದವು. ಯಾರ ಪಾಠ ಇರಬೇಕು ಅನ್ನೋದು ಬೇಕಾದ ಜಗಳನ. ಆದ್ರ ಎರಡೂ ಕಡೆಯವರು ಮ್ಯಾಲ ಕುಂತ ನಾಕು ಮಂದಿ ಆರಿಸೂದನ್ನ ಒಪ್ಪಿಕೊಂಡ ಜಗಳಾಡಿದ್ರು.

"ಹಂಗಾದ್ರ ಸಾಲ್ಯಾಗ ಒಕ್ಕಲತನ ಕಲಿಸ್ಬೇಕೇನು?" ಅಂತ ಕೇಳಬ್ಯಾಡ್ರಿ. ಕೈಕಸುಬಿನ ಮೂಲಕ ಕಲಿಸೋ ಮಾತು 1937ರಾಗ ಗಾಂಧೀಜಿ ವಾರ್ಧಾದಾಗ ಎತ್ತಿದ್ರು. ಆದ್ರ ಇವತ್ತು ಬಡವರ ಮಕ್ಕಳಿಗೆ ಕುರ್ಚಿಗಿ, ಸಾಹೇಬರ ಮಕ್ಕಳಿಗೆ ಕಂಪ್ಯೂಟರ್ ಅಂತ ಆದ್ರ ಅದಕ್ಕ ನಾನೂ ಒಪ್ಪೂದಿಲ್ಲ. ಗಣಿತ ಅದೇ ಇರ್ಲಿ, ಚೀಟಿ ನಮ್ಮದಿರ್ಲಿ. ರಸಾಯನಶಾಸ್ತ್ರ ಅದೇ ಇರ್ಲಿ, ಮಣ್ಣು ಪರೀಕ್ಷೆ ವರದಿ ಮುಂದಿರ್ಲಿ. 2019ರ ಆಗಸ್ಟಿನಾಗ ಘಟಪ್ರಭಾ ಗೋಕಾಕದಾಗ ಹೊಕ್ಕಿತ್ತು. ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಂ ಇಷ್ಟು ಕ್ಯೂಸೆಕ್ ಬಿಟ್ರ ನಮ್ಮ ಹೊಲಕ್ಕ ಎಷ್ಟು ತಾಸಿಗೆ ನೀರು ಬರ್ತೈತಿ? ಊರು ಬಿಡೋ ಹುಡುಗಗೂ ಇದು ವಿಜ್ಞಾನನ, ಇರೋ ಹುಡುಗಗೂ ವಿಜ್ಞಾನನ.

ಕೂಡಿಸಿಕೊಂಡು ಹೇಳಿದ ಮ್ಯಾಲ ಹುಡುಗಿ ಐದು ನಿಮಿಷಕ್ಕ ಉತ್ತರ ತಗದ್ಲು: 3,896 ರೂಪಾಯಿ. ಕಡಿಯೂದು, ಸಾಗಿಸೂದರ ಖರ್ಚು ಅದರಾಗ ಮುರಕೋತಾರ ಅಂತ ಹೇಳಿದೆ. ಸುಮ್ಮನ ಕುಂತು ಕೇಳಿದ್ಲು: "ಕಾಕಾ, ರಿಕವರಿ ಎಷ್ಟಂತ ಅಳಿಯಾವ್ರು ಯಾರ್ರಿ?"

ಕಾರ್ಖಾನಿಯವರ, ಯವ್ವಾ.

ನಿಮ್ಮ ಮಕ್ಕಳಿಗೂ ಇವತ್ತು ಸಂಜಿಕ ಈ ಲೆಕ್ಕ ಕೊಟ್ಟು ನೋಡ್ರಿ. ಏನು ಕೇಳಿದ್ರು ಅಂತ ಕೆಳಗ ಬರೀರಿ.