ಅಸ್ಥಿಪಂಜರ ಬಿಡಿ, ಅಂಗಡಿ ನೋಡಿ

ಸಾಫ್ಟ್‌ವೇರ್‌ನವನು ಅನ್ನೋ ಒಂದೇ ಕಾರಣಕ್ಕೆ ಅಪಾರ್ಟ್‌ಮೆಂಟಿನ ಅಪ್ಪ-ಅಮ್ಮಂದಿರು ನನ್ನನ್ನ ಆಗಾಗ ಕೇಳ್ತಾರೆ: “ಮಗನಿಗೆ ಹನ್ನೆರಡು ವರ್ಷ, ಈ ಗೇಮ್ ಆಡಬಹುದಾ?” ಜೊತೆಗೆ ಸ್ಕ್ರೀನ್ ತೋರಿಸ್ತಾರೆ. ಅಸ್ಥಿಪಂಜರ, ಮಾಟಗಾರ, ಕತ್ತಿ. ಅವರ ಆತಂಕವೆಲ್ಲ ಆ ಚಿತ್ರದ ಮೇಲೆ. ನನ್ನ ತಕರಾರು ಇರೋದೇ ಇಲ್ಲಿ.

‘ಬ್ಯಾಟಲ್ ಫಾರ್ ವೆಸ್ನಾತ್’ ತಗೊಳ್ಳಿ. ಡೇವಿಡ್ ವೈಟ್ ಅನ್ನುವವರು 2003ರಲ್ಲಿ ಹೊರತಂದ ಆಟ. ಆಮೇಲೆ ಸ್ವಯಂಸೇವಕರು ಬೆಳೆಸಿದ್ದು. ಓಪನ್ ಸೋರ್ಸ್, ಕಂಪ್ಯೂಟರಿನಲ್ಲಿ ಪುಕ್ಕಟೆ. ಪ್ರೇತಗಳು ಬೇಕಾದಷ್ಟಿವೆ. ಆದರೆ ಚದುರಂಗದ ಹಾಗೆ ಸರದಿ ಪ್ರಕಾರ ನಡೆ. ಎಲ್ಫ್‌ಗಳು ಕಾಡಿನಲ್ಲಿ ಗಟ್ಟಿ, ಬಯಲಿಗೆ ಬಂದರೆ ಬಡಪಾಯಿಗಳು. ರಾತ್ರಿ ಪ್ರೇತಗಳ ಹೊಡೆತ 25% ಜಾಸ್ತಿ, ಹಗಲಲ್ಲಿ ಅಷ್ಟೇ ಕಡಿಮೆ. ಏಟು ತಗಲುವ ಸಾಧ್ಯತೆ ಎಷ್ಟು ಅಂತ ಮೊದಲೇ ತೋರಿಸುತ್ತೆ. 60% ಅಂತ ನಂಬಿ ನುಗ್ಗಿದರೂ ಮೂರೂ ಏಟು ತಪ್ಪುವ ಸಾಧ್ಯತೆ 6.4% ಇದ್ದೇ ಇದೆ. ಸಾಕಿ ಬೆಳೆಸಿದ ಸೈನಿಕ ಸತ್ತರೆ ಮುಂದಿನ ಅಧ್ಯಾಯಕ್ಕೆ ಅವನಿಲ್ಲ. ದುಡುಕಿದರೆ ಏನಾಗುತ್ತೆ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಯಾವ ಟ್ಯೂಷನ್ ಹೇಳಿಕೊಡುತ್ತೆ?

ಈಗ ‘ಕ್ಲಾಷ್ ಆಫ್ ಕ್ಲಾನ್ಸ್’ ನೋಡಿ. ಫಿನ್ಲೆಂಡಿನ ಸೂಪರ್‌ಸೆಲ್ 2012ರಲ್ಲಿ ತಂದಿದ್ದು. ಮುದ್ದಾದ ಗೊಂಬೆಗಳು, ರಕ್ತ ಇಲ್ಲ. ಅಪ್ಪ-ಅಮ್ಮ ನಿರಾಳ. ಆದರೆ ಆಟ ಮುಂದುವರಿದಂತೆ ಒಂದು ಕಟ್ಟಡ ಮೇಲ್ದರ್ಜೆಗೇರೋಕೆ ದಿನಗಟ್ಟಲೆ ಕಾಯಬೇಕು. ಕಾಯೋಕಾಗದಿದ್ದರೆ ಜೆಮ್ ಖರ್ಚು ಮಾಡಿ. ಜೆಮ್ ಸಾಲದಿದ್ದರೆ ದುಡ್ಡು ಕೊಡಿ. ಒಂದಿಷ್ಟು ಜೆಮ್ ಪುಕ್ಕಟೆ ಸಿಗುತ್ತೆ, ನಿಜ. ಮಿಠಾಯಿ ಅಂಗಡಿಯವನೂ ರುಚಿ ನೋಡೋಕೆ ಚೂರು ಕೊಡ್ತಾನೆ. ನೀವು ಆಡದೇ ಇದ್ದಾಗ ಬೇರೆಯವರು ಬಂದು ನಿಮ್ಮ ಹಳ್ಳಿ ದೋಚಬಹುದು. ಹಾಗಾಗಿ ಊಟದ ನಡುವೆಯೂ ಫೋನ್ ಕಡೆ ಕಣ್ಣು. ನಮ್ಮ ಉದ್ಯಮದಲ್ಲಿ ಇದಕ್ಕೆ ರಿಟೆನ್ಷನ್ ಅಂತಾರೆ. ಪ್ರೇತದ ಜೊತೆ ಹೋರಾಡೋ ಧೈರ್ಯ ಹನ್ನೆರಡರ ಹುಡುಗನಿಗಿದೆ. ಡೇಟಾ ಟೀಮಿನ ಜೊತೆ ಹೋರಾಡೋ ತಾಕತ್ತು ಅವನ ಅಪ್ಪನಿಗೂ ಇಲ್ಲ.

ಮಲೆನಾಡಿನ ನಮ್ಮೂರ ಕಡೆ ಯಕ್ಷಗಾನಕ್ಕೂ ‘ಆಟ’ ಅಂತಾನೇ ಹೆಸರು. ಮಹಿಷಾಸುರನ ಅಬ್ಬರಕ್ಕೆ ಮಕ್ಕಳು ಅಮ್ಮನ ಸೆರಗಿನೊಳಗೆ ತೂರಿಕೊಳ್ತಿದ್ದರು. ಹಾಗಂತ ಯಾರೂ ರಾಕ್ಷಸರಾಗಲಿಲ್ಲ. ಬೆಳಗಾದರೆ ಮಂಗಳ ಹಾಡಿ ಆಟ ಮುಗೀತಿತ್ತು, ಎಲ್ಲರೂ ಮನೆಗೆ. ಮುಗಿಯೋ ಆಟದ ರಾಕ್ಷಸನಿಗೆ ನಾನು ಹೆದರಲ್ಲ.

ವಯಸ್ಸಿನ ರೇಟಿಂಗ್ ಇದೆಯಲ್ಲ ಅಂತೀರಾ? ಅಮೆರಿಕದ ಇಎಸ್‌ಆರ್‌ಬಿ, ಆಟದೊಳಗೆ ಖರೀದಿ ಇದೆ ಅನ್ನೋ ಚೀಟಿಯನ್ನ 2018ರಲ್ಲಿ ಶುರುಮಾಡಿತು. ಒಳ್ಳೇದೇ. ಆದರೆ ಅಂಗಡಿ ಇದೆ ಅಂತ ಅದು ಹೇಳುತ್ತೆ, ಅಂಗಡಿಯವನು ಮಗುವನ್ನ ಹೇಗೆ ಕರೀತಾನೆ ಅಂತ ಹೇಳಲ್ಲ.

ಅದಕ್ಕೇ, ಒಂದು ಭಾನುವಾರ ಅರ್ಧ ಗಂಟೆ ಮಗುವಿನ ಪಕ್ಕ ಕೂತು ಮೂರು ವಿಷಯ ಗಮನಿಸಿ. ಈ ಆಟ ಮುಗಿಯುತ್ತಾ? ಸೋತಾಗ ಯೋಚಿಸು ಅನ್ನುತ್ತಾ, ದುಡ್ಡು ಕೊಡು ಅನ್ನುತ್ತಾ? ಆಫ್ ಮಾಡಿ ಹೋದರೆ ನಷ್ಟ ಇದೆಯಾ? ವೆಸ್ನಾತ್ ಮೂರರಲ್ಲೂ ಪಾಸು. ಆನ್‌ಲೈನ್‌ನಲ್ಲಿ ಅಪರಿಚಿತರ ಜೊತೆ ಆಡೋದು ಮಾತ್ರ ಸದ್ಯಕ್ಕೆ ಬೇಡ. ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಸರದಿ ಮೇಲೆ ಆಡಬಹುದು. ಆ ಇನ್ನೊಬ್ಬರು ನೀವೇ ಆಗಿ.