ಉಕ್ಕು ಕಲಿಸುವ ಪಾಠ

ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ಇಂತಹ ಸೂಕ್ಷ್ಮ ಪ್ರಮಾಣದಲ್ಲಿ ದ್ರವ್ಯದ ರಚನೆಯನ್ನರಿತು, ಬೇಕಾದ ಗುಣವನ್ನು ಅದಕ್ಕೆ ತಂದುಕೊಡುವ ವಿದ್ಯೆಯೇ ನ್ಯಾನೋ ತಂತ್ರಜ್ಞಾನ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಅವರು ಇಂಗಾಲದ ನ್ಯಾನೋ ನಳಿಕೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದ ತರುವಾಯ ಈ ವಿದ್ಯೆಗೆ ಹೊಸ ಹುರುಪು ಬಂದಿತು.

2006ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಪೀಟರ್ ಪಾಫ್ಲರ್ ಮತ್ತು ಅವರ ಸಂಗಡಿಗರು, ಹದಿನೇಳನೆಯ ಶತಮಾನದ ಡಮಾಸ್ಕಸ್ ಖಡ್ಗವೊಂದರ ಚೂರಿನಲ್ಲಿ ಅಂತಹವೇ ನಳಿಕೆಗಳು ಕಂಡುಬಂದುವೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಬಗೆಯ ಖಡ್ಗಗಳಿಗೆ ಬೇಕಾದ ಉಕ್ಕಿನ ಗಟ್ಟಿಗಳು ದಕ್ಷಿಣ ಭಾರತದಿಂದ ಪರದೇಶಗಳಿಗೆ ಹೋಗುತ್ತಿದ್ದುವು. ಆ ಉಕ್ಕಿಗೆ ಇಂಗ್ಲಿಷರಲ್ಲಿ ರೂಢಿಗೆ ಬಂದ ‘ವೂಟ್ಜ್’ ಎಂಬ ಹೆಸರು ‘ಉಕ್ಕು’ ಎಂಬ ಮಾತಿನ ಅಪಭ್ರಂಶವೆಂಬುದು ಅನೇಕ ವಿದ್ವಾಂಸರ ಮತ.

ಇದನ್ನು ಕೇಳಿದೊಡನೆ ನ್ಯಾನೋ ವಿದ್ಯೆ ಪೂರ್ವಿಕರಿಗೆ ತಿಳಿದೇ ಇತ್ತೆಂದು ಬೀಗುವವರುಂಟು. ಅದು ಯುಕ್ತವಲ್ಲ. ಕಬ್ಬಿಣವನ್ನು ಕಟ್ಟಿಗೆ, ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಸಿ, ಮೆಲ್ಲನೆ ಆರಿಸುವ ಹದವನ್ನು ಕುಶಲಿಗಳ ಕೈ ಬಲ್ಲುದಾಗಿತ್ತು. ಉಕ್ಕಿನ ಒಡಲೊಳಗೆ ನಡೆದುದನ್ನು ಅವರ ಕಣ್ಣು ಕಾಣುವಂತಿರಲಿಲ್ಲ. ಆ ಹದವಾದರೂ ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ಇಳಿದು ಬಂದಿತೇ ಹೊರತು, ಬರಹಕ್ಕೆ ಏರಿದುದು ಅತ್ಯಲ್ಪ. 1819ರಲ್ಲಿ ಮೈಕೆಲ್ ಫ್ಯಾರಡೆಯವರು ಲಂಡನ್ನಿನಲ್ಲಿ ಈ ಉಕ್ಕನ್ನು ಪರೀಕ್ಷಿಸಿ, ಕಂಡುದನ್ನು ಬರೆದಿಟ್ಟರು. ಅದೇ ಶತಮಾನದಲ್ಲಿ ಇಲ್ಲಿಯ ಕುಲುಮೆಗಳು ಒಂದೊಂದಾಗಿ ಆರಿದುವು. ಕುಲುಮೆಯೊಡನೆ ವಿದ್ಯೆಯೂ ಆರಿತು.

ಹನ್ನೆರಡನೆಯ ಶತಮಾನದಲ್ಲಿ ಹಗ್ಗ ಹೊಸೆದ ನುಲಿಯ ಚಂದಯ್ಯನವರೂ ಬಿದಿರಿನ ಕಾಯಕದ ಮೇದರ ಕೇತಯ್ಯನವರೂ ವಚನಕಾರರಾದರು. ದುಡಿಯುವ ಕೈಯೇ ಬರೆಯಲೂ ಬಲ್ಲುದೆಂದು ಶರಣರು ತೋರಿಸಿಕೊಟ್ಟ ನಾಡಿದು. ಆದರೆ ಅನುಭಾವಕ್ಕೆ ದೊರೆತ ಅಕ್ಷರದ ಭಾಗ್ಯ ಕುಲುಮೆಯ ವಿದ್ಯೆಗೆ ದೊರೆಯಲಿಲ್ಲ. ಆ ಕೊರತೆಯನ್ನು ತುಂಬುವುದು ಇಂದಿನ ವಿದ್ಯಾಸಂಸ್ಥೆಗಳ ಹೊಣೆ.

ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಪುಸ್ತಕದ ವಾಕ್ಯಗಳನ್ನು ನಕಲು ಮಾಡಿದರೆ ಸಾಲದು. ತಾನು ಮಾಡಿದುದೇನು, ಕಂಡುದೇನು, ಅದಕ್ಕೆ ಕಾರಣವೇನು ಎಂಬ ಮೂರನ್ನೂ ತನ್ನ ಕನ್ನಡದಲ್ಲಿಯೇ ಬರೆಯಬೇಕು. ಊರಿನ ಕಮ್ಮಾರ, ಕುಂಬಾರ, ನೇಕಾರರ ಬಳಿ ಕುಳಿತು ಅವರ ಹದಗಳನ್ನೂ ಮಾತುಗಳನ್ನೂ ದಾಖಲಿಸಬೇಕು. ಅಧ್ಯಾಪಕರು ಇದಕ್ಕೆ ದಾರಿ ತೋರಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ವೃತ್ತಿಯ ಅನುಭವವನ್ನು ಧಾರೆಯೆರೆಯಲಿ. ದಾನಿಗಳು ಹೊಸ ಕಟ್ಟಡಕ್ಕೆ ತೋರುವ ಔದಾರ್ಯವನ್ನು ಪ್ರಯೋಗದ ಉಪಕರಣಗಳಿಗೂ ತೋರಲಿ. ಜಗತ್ತಿಗೆ ಉಕ್ಕೆಂಬ ವಸ್ತುವನ್ನೂ ಹೆಸರನ್ನೂ ಕೊಟ್ಟ ನಾಡು, ಅದರ ಮರ್ಮವನ್ನು ಪರರ ಬರಹದಿಂದಲೇ ಎಂದೆಂದೂ ತಿಳಿಯುವಂತಾಗಬಾರದು.